ಇಡುಗಂಟು ಇಟ್ಟವರು ಹೋದ ಮೇಲೆ

ಆಗಸ್ಟ್ ಹದಿನೈದರ ಬೆಳಗ್ಗೆ. ಹೊರಗೆ ಆಶ್ಲೇಷ ಮಳೆ ಹಿಡಿದುಕೊಂಡಿದೆ. ಬಾವುಟ ಏರಿಸಿದ್ದಾಯಿತು, ಒದ್ದೆ ಕೊಡೆಗಳೆಲ್ಲ ಬಾಗಿಲ ಮೂಲೆಯಲ್ಲಿ ರಾಶಿ ಬಿದ್ದಿವೆ, ಮಕ್ಕಳು ಶಾಲೆಯ ಉದ್ದನೆಯ ಕೋಣೆಯಲ್ಲಿ ಸಾಲಾಗಿ ಕೂತಿದ್ದಾರೆ. ಮುಖ್ಯೋಪಾಧ್ಯಾಯರು ಪಟ್ಟಿ ಓದುತ್ತಾರೆ. ಇಂಥವರ ತಾಯಿಯವರ ಸ್ಮರಣಾರ್ಥ ಅವರ ಮಕ್ಕಳು ಇಟ್ಟಿರುವ ದತ್ತಿಯಿಂದ, ಕನ್ನಡದಲ್ಲಿ ಅತಿ ಹೆಚ್ಚು ಅಂಕ ತೆಗೆದ ವಿದ್ಯಾರ್ಥಿನಿಗೆ ಬಹುಮಾನ. ಹುಡುಗಿಯೊಬ್ಬಳು ಎದ್ದು ಬಂದು ಲಕೋಟೆ ತೆಗೆದುಕೊಂಡು ಕೈಮುಗಿಯುತ್ತಾಳೆ. ಆ ತಾಯಿ ಯಾರೆಂದು ಅವಳಿಗೆ ಗೊತ್ತಿಲ್ಲ. ಕೂತ ಶಿಕ್ಷಕರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. ಆದರೂ ವರ್ಷಕ್ಕೊಮ್ಮೆ ಆ ಹೆಸರು ಒಂದು ಸಲ ಗಟ್ಟಿಯಾಗಿ ಕೇಳಿಸುತ್ತದೆ.

ಹೊಸನಗರ, ಸಾಗರ, ತೀರ್ಥಹಳ್ಳಿಯ ಯಾವ ಹಳೆಯ ಶಾಲೆಗೆ ಹೋದರೂ ಈ ದೃಶ್ಯ ಪರಿಚಿತ. ದೇವಸ್ಥಾನದಲ್ಲಿ ಇದಕ್ಕೆ ಶಾಶ್ವತ ಪೂಜೆ ಎಂದು ಹೆಸರು. ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸ, ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ. ಹಳಬರ ಬಾಯಲ್ಲಿ ಪುದುವಟ್ಟು. ಎಲ್ಲದರ ಒಳಗೂ ಇರುವ ಏರ್ಪಾಡು ಒಂದೇ: ಅಸಲನ್ನು ಮುಟ್ಟದೆ ಇಟ್ಟು ಅದರ ಹುಟ್ಟುವಳಿಯಿಂದ ಒಂದು ಕೆಲಸ ನಡೆಸಿಕೊಂಡು ಹೋಗುವುದು. ಯೋಚನೆ ಮಾಡಿ, ಕಾಗದ ಮಾಡಿ, ತಾನು ಹೋದ ಮೇಲೂ ನಡೆಯಲಿ ಎಂದು ಕೊಡುವ ದಾನ ಇದು. ಜಾತ್ರೆಯಲ್ಲಿ ಹುಂಡಿಗೆ ಹಾಕುವ ನೋಟಿಗೂ ಇದಕ್ಕೂ ಬಹಳ ಅಂತರವಿದೆ.

ಕಲ್ಲಿನ ಮೇಲಿನ ದಾನಪತ್ರ

ನಮ್ಮ ಕಡೆ ಇದು ಹೊಸದೇನೂ ಅಲ್ಲ. ಹೊಸನಗರ ತಾಲ್ಲೂಕಿನ ಹುಂಚ, ಅಂದರೆ ಶಾಸನಗಳ ಪೊಂಬುಚ್ಚ, ಸಾಂತರರ ರಾಜಧಾನಿಯಾಗಿತ್ತು. ಅಲ್ಲಿನ ಪಂಚಕೂಟ ಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ತೀರಿಹೋದ ತಂಗಿಯ ಮಕ್ಕಳನ್ನು ತನ್ನ ಮಕ್ಕಳಂತೆ ಬೆಳೆಸಿದ ಈಕೆ, ಅಗಲಿದ ತನ್ನವರ ನೆನಪಿಗೆ ಆ ಬಸದಿ ಎತ್ತಿಸಿದಳು. 1077ರ ಶಾಸನ ಅದನ್ನು ಹೇಳುತ್ತದೆ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೇ ಸಂಪುಟದಲ್ಲಿ ಸೊರಬ, ಸಾಗರ, ತೀರ್ಥಹಳ್ಳಿಯ ಜೊತೆಗೆ ಆಗಿನ ನಗರ ತಾಲ್ಲೂಕಿನ, ಅಂದರೆ ಈಗಿನ ಹೊಸನಗರದ, ಇಂಥ ಶಾಸನಗಳ ದೊಡ್ಡ ರಾಶಿಯೇ ಇದೆ. ಅವುಗಳಲ್ಲಿ ದಾನಶಾಸನಗಳು ಹೇರಳ.

ಆ ದಾನಶಾಸನಗಳನ್ನು ಒಂದೆರಡು ಸಲ ಗಮನವಿಟ್ಟು ಓದಿದರೆ ಅವುಗಳ ಅಚ್ಚುಕಟ್ಟು ಬೆರಗು ಹುಟ್ಟಿಸುತ್ತದೆ. ಯಾರು ಕೊಟ್ಟರು, ಯಾರ ಕೈಗೆ ಕೊಟ್ಟರು, ಯಾವ ದಿನ, ಭೂಮಿಯ ಎಲ್ಲೆ ಯಾವ ಮರದಿಂದ ಯಾವ ಹಳ್ಳದವರೆಗೆ, ಹುಟ್ಟುವಳಿ ಯಾವುದಕ್ಕೆ ಸಲ್ಲಬೇಕು, ಸಾಕ್ಷಿ ಯಾರು. ಪೂಜೆಗೆ ಇಷ್ಟು, ಮುನಿಗಳ ಆಹಾರಕ್ಕೆ ಇಷ್ಟು ಎಂದ ಮೇಲೆ ಕಟ್ಟಡ ಬಿರುಕು ಬಿಟ್ಟರೆ ದುರಸ್ತಿಗೂ ಒಂದು ಪಾಲು. ಈ ಕೊನೆಯದನ್ನು ಇಂದು ದತ್ತಿ ಇಡುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಕೊನೆಗೆ ಶಾಪ. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಎಚ್ಚರಿಕೆ. ಅದರ ಜೊತೆಗೇ ಎಷ್ಟೋ ಶಾಸನಗಳಲ್ಲಿ ಇನ್ನೊಂದು ಮಾತಿದೆ: ಕೊಡುವುದಕ್ಕಿಂತ, ಇನ್ನೊಬ್ಬರು ಕೊಟ್ಟದ್ದನ್ನು ಕಾಯುವುದು ದೊಡ್ಡದು. ಶಾಪವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಈ ಮಾತನ್ನು ಮರೆತಿದ್ದಾರೆ. ನನ್ನ ಮಟ್ಟಿಗೆ ದತ್ತಿಯ ವಿಷಯವೆಲ್ಲ ಇರುವುದು ಇಲ್ಲೇ. ಕೊಡುವ ಮನಸ್ಸು ಮಲೆನಾಡಿನಲ್ಲಿ ಯಾವತ್ತೂ ಕಡಿಮೆಯಾಗಿಲ್ಲ. ಕಾಯುವ ಕೈಗಳು ಬಿಡಿಬಿಡಿಯಾಗಿವೆ.

ಗದ್ದೆ ಹೋಗಿ ರೊಕ್ಕ ಬಂತು

ಸಾಂತರರಿಂದ ಕೆಳದಿ ಅರಸರವರೆಗೆ, ಅವರ ನಂತರವೂ, ದತ್ತಿ ಎಂದರೆ ಮುಖ್ಯವಾಗಿ ಭೂಮಿ. ದೀಪದ ಎಣ್ಣೆಗೆ ಇಷ್ಟು ಗದ್ದೆ, ಅನ್ನದಾನಕ್ಕೆ ಇಷ್ಟು ತೋಟ. ಸೂರ್ಯಚಂದ್ರರಿರುವ ತನಕ ಎಂದು ಧಾರೆ ಎರೆದುಕೊಟ್ಟದ್ದು. ಅದು ಕೈಬಿಟ್ಟುಹೋದ ಕಥೆಯಲ್ಲಿ ಈ ನೆಲದ ಇತಿಹಾಸವೇ ಇದೆ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಉಳುವವನೇ ಒಡೆಯನಾದ. ಮಠ ದೇವಸ್ಥಾನಗಳ ಗೇಣಿ ಭೂಮಿಯೂ ಉಳುವವರಿಗೆ ಹೋಯಿತು. ಅದರ ಬದಲಿಗೆ ಸರ್ಕಾರದಿಂದ ಬರುವ ಸಣ್ಣ ಮೊತ್ತಕ್ಕೆ ತಸ್ತೀಕು ಎಂದು ಹೆಸರು. ಬೆವರು ಸುರಿಸಿದವನಿಗೆ ಭೂಮಿ ಸಿಕ್ಕಿದ್ದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗದ್ದೆಯ ಹೆಸರಿನಲ್ಲಿ ನಡೆಯುತ್ತಿದ್ದ ಊಟ, ಪಾಠ, ದೀಪಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. ಇನ್ನೊಂದು ಕಡೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಸಾಗರ, ಹೊಸನಗರದ ಊರಿಗೆ ಊರೇ ಮುಳುಗಿದವು. ಊರೇ ಇಲ್ಲದ ಮೇಲೆ ದೇವರಿಗೆ ಬಿಟ್ಟ ಗದ್ದೆ ಎಲ್ಲಿಂದ ಬರಬೇಕು?

ಹೀಗೆ ದತ್ತಿ ಭೂಮಿಯಿಂದ ಬ್ಯಾಂಕಿಗೆ ಬಂತು. ಈಗ ಹೆಚ್ಚಿನದು ಠೇವಣಿ ರಸೀದಿ. ರಸೀದಿಗೂ ಅದರದೇ ಆಪತ್ತು ಇದೆ.

ಬಡ್ಡಿಯ ಲೆಕ್ಕ

ಒಂದು ಲೆಕ್ಕ ಹಾಕಿ ನೋಡೋಣ. ಮೂವತ್ತೈದು ವರ್ಷದ ಹಿಂದೆ ಯಾರೋ ಶಾಲೆಗೆ 1,000 ರೂಪಾಯಿ ಇಡುಗಂಟು ಕೊಟ್ಟರು ಎಂದಿಟ್ಟುಕೊಳ್ಳಿ. ನೂರಕ್ಕೆ ಹತ್ತು ಬಡ್ಡಿಯಂತೆ ವರ್ಷಕ್ಕೆ 100 ರೂಪಾಯಿ. ಅಂದು ಆ ದುಡ್ಡಿಗೆ ಒಂದು ಒಳ್ಳೆಯ ನಿಘಂಟು, ಜೊತೆಗೆ ನೋಟುಪುಸ್ತಕಗಳು ಬರುತ್ತಿದ್ದವು. ಇಂದು ಬಡ್ಡಿ ನೂರಕ್ಕೆ ಏಳಾದರೆ ಸಿಗುವುದು 70 ರೂಪಾಯಿ. ಅಸಲು ಒಂದು ಪೈಸೆಯೂ ಕಳೆದುಹೋಗಿಲ್ಲ, ಯಾರೂ ಮೋಸ ಮಾಡಿಲ್ಲ, ದತ್ತಿ ಮಾತ್ರ ಸವೆದುಹೋಗಿದೆ. ಆ ಹುಡುಗಿಯ ಲಕೋಟೆ ತೆಳುವಾಗಿರುವುದು ಇದರಿಂದ.

ಇದು ನಮ್ಮ ಬಡ ಶಾಲೆಗಳಿಗಷ್ಟೇ ಬಂದ ಕಷ್ಟವಲ್ಲ. ಆಲ್‌ಫ್ರೆಡ್ ನೊಬೆಲ್ ಇಟ್ಟ ಗಂಟಿಗೂ ಇದೇ ಆಯಿತು. 1901ರ ಮೊದಲ ನೊಬೆಲ್ ಬಹುಮಾನ 1,50,782 ಸ್ವೀಡಿಷ್ ಕ್ರೋನ. ಬೆಲೆ ಏರುತ್ತಾ ಹೋದಂತೆ ಅದರ ಕೊಳ್ಳುವ ಶಕ್ತಿ ದಶಕಗಟ್ಟಲೆ ಕುಸಿದೇ ಇತ್ತು. 1953ರಲ್ಲಿ ಷೇರುಗಳಲ್ಲೂ ಹಣ ತೊಡಗಿಸಲು ಪ್ರತಿಷ್ಠಾನಕ್ಕೆ ಅನುಮತಿ ಸಿಕ್ಕಿತು. ಬಹುಮಾನ ತನ್ನ ಮೂಲ ಬೆಲೆಗೆ ಮರಳಿದ್ದು 1991ರಲ್ಲಿ.

ಷೇರಿನ ಗೋಜು ನಮ್ಮ ಸಣ್ಣ ಸಂಸ್ಥೆಗಳಿಗೆ ಬೇಡ. ಆದಾಯ ತೆರಿಗೆ ಕಾನೂನೂ ಧರ್ಮಾರ್ಥ ಸಂಸ್ಥೆಗಳ ಹಣವನ್ನು ಎಲ್ಲಿ ಇಡಬಹುದೆಂದು ಗೆರೆ ಹಾಕಿದೆ. ಸುಲಭದ ಉಪಾಯ ಒಂದಿದೆ. ಬಡ್ಡಿಯನ್ನೆಲ್ಲ ಖರ್ಚು ಮಾಡದೆ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಾ ಹೋಗುವುದು. 1 ಲಕ್ಷಕ್ಕೆ 7,000 ಬಡ್ಡಿ ಬಂದರೆ 4,000 ಖರ್ಚು, 3,000 ಅಸಲಿಗೆ. ಪ್ರತಿ ವರ್ಷ ಇದೇ ಪಾಲಿನಲ್ಲಿ ಹೋದರೆ ಹತ್ತು ವರ್ಷಕ್ಕೆ ಅಸಲು ಸುಮಾರು 1.34 ಲಕ್ಷ, ಇಪ್ಪತ್ನಾಲ್ಕಕ್ಕೆ 2 ಲಕ್ಷ ದಾಟುತ್ತದೆ. ಖರ್ಚಿಗೆ ಸಿಗುವ ಹಣವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಅಡಿಕೆ ತೋಟದಲ್ಲಿ ಹಳೆಯ ಮರ ಇರುವಾಗಲೇ ನಡುವೆ ಸಸಿ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದತ್ತಿಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಸಾಕು. ಆ ಸಾಲು ಇಲ್ಲದಿರುವುದರಿಂದಲೇ ಎಷ್ಟೋ ದತ್ತಿಗಳು ಹೆಸರಿಗಷ್ಟೇ ಉಳಿದಿವೆ.

ವಿಲ್ಲು ಎಂಬ ಅಂಜಿಕೆ

ಬದುಕಿದ್ದಾಗಲೇ ಇಡುಗಂಟು ಇಡುವುದು ಒಂದು ದಾರಿ. ತಾನು ಹೋದ ಮೇಲೆ ಸಲ್ಲಲಿ ಎಂದು ಉಯಿಲು ಬರೆಯುವುದು ಇನ್ನೊಂದು. ಉಯಿಲು, ಮೃತ್ಯುಪತ್ರ, ವಿಲ್ಲು ಎಲ್ಲ ಒಂದೇ. ಹೆಸರು ಕೇಳಿದರೇ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಬರೆದರೆ ಆಯುಸ್ಸು ಮುಗಿಯಿತು ಎಂಬ ಭಾವನೆ ಇನ್ನೂ ಹೋಗಿಲ್ಲ.

ಕಾನೂನು ಕೇಳುವುದು ಬಹಳ ಕಡಿಮೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಸ್ವಸ್ಥ ಮನಸ್ಸಿನ ವಯಸ್ಕರು ಬರೆದು ಸಹಿ ಮಾಡಿ, ಇಬ್ಬರು ಸಾಕ್ಷಿಗಳು ಸಹಿ ಹಾಕಿದರೆ ಆಯಿತು. ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಇಡುವುದಕ್ಕೂ ನೋಂದಣಿ ಕಾಯ್ದೆಯಲ್ಲಿ ಅವಕಾಶವಿದೆ. ಬರೆದದ್ದನ್ನು ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬದುಕಿದ್ದಾಗಲೇ ಮನೆ, ನಿವೇಶನ ಕೊಡುವ ದಾನಪತ್ರ ಹಾಗಲ್ಲ. ಅದು ನೋಂದಣಿ ಆಗಲೇಬೇಕು, ಆದ ಮೇಲೆ ಸುಲಭಕ್ಕೆ ಹಿಂದೆ ಪಡೆಯಲು ಬರುವುದಿಲ್ಲ.

ಎಷ್ಟನ್ನು ಬರೆಯಬಹುದು ಎಂಬುದು ಅವರವರ ಕಾನೂನಿನಂತೆ. ಹಿಂದೂಗಳಲ್ಲಿ ಸ್ವಯಾರ್ಜಿತ ಪೂರ್ತಿ ನಿಮ್ಮ ಇಷ್ಟ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಷ್ಟೇ ನಿಮ್ಮದು, 2005ರ ನಂತರ ಹೆಣ್ಣುಮಕ್ಕಳಿಗೂ ಅಲ್ಲಿ ಸಮಪಾಲು. ಮುಸ್ಲಿಮರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಕ್ರೈಸ್ತರ ಮೇಲೆ ವಿಚಿತ್ರ ನಿರ್ಬಂಧವಿತ್ತು. ಹತ್ತಿರದ ಬಂಧುಗಳಿದ್ದವರು ಧರ್ಮಕಾರ್ಯಕ್ಕೆ ಬರೆದಿಟ್ಟರೆ, ಆ ಉಯಿಲು ಸಾವಿಗೆ ಕನಿಷ್ಠ 12 ತಿಂಗಳ ಮೊದಲು ಆಗಿರಬೇಕಿತ್ತು. ಕೇರಳದ ಪಾದ್ರಿಯೊಬ್ಬರು ಪ್ರಶ್ನಿಸಿದ ಮೇಲೆ 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಸಾಯುವವರ ಹಾಸಿಗೆಯ ಬಳಿ ಕೂತು ಬರೆಸಿಕೊಳ್ಳುತ್ತಾರೆ ಎಂಬ ಭಯ ಆ ಹಳೆಯ ನಿಯಮದ ಹಿಂದಿತ್ತು. ನಿಯಮ ಹೋಯಿತು, ಭಯಕ್ಕೆ ಕಾರಣ ಇನ್ನೂ ಇದೆ.

ಒಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ಠೇವಣಿಗೆ ನಾಮಿನಿ ಮಾಡಿದರೆ ಉಯಿಲು ಬರೆದಂತೆಯೇ ಎಂದುಕೊಳ್ಳುತ್ತಾರೆ. ನಾಮಿನಿ ಎಂದರೆ ಹಣ ಬಿಡಿಸಿಕೊಂಡು ಹಕ್ಕುದಾರರಿಗೆ ತಲುಪಿಸುವವನು, ಒಡೆಯನಲ್ಲ. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಶಾಲೆಗೆ ಸಲ್ಲಲಿ ಎಂದು ಮನಸ್ಸಿನಲ್ಲಿದ್ದ ಹಣ, ಉಯಿಲಿನಲ್ಲಿ ಬರೆಯದಿದ್ದರೆ ಶಾಲೆಗೆ ಹೋಗುವುದಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಿಗೂ ಒಂದು ಮಾತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಬ್ಯಾಂಕ್ ಖಾತೆಯಿಂದ ಊರಿನ ಸಂಸ್ಥೆಗೆ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಕೇಂದ್ರ ಸರ್ಕಾರದ ಅನುಮತಿ ಇರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮ ಹಳ್ಳಿಯ ವಾಚನಾಲಯಕ್ಕೆ ಇದು ಎಟುಕದ ಮಾತು. ತೋಟ, ಗದ್ದೆಯನ್ನು ಸಂಸ್ಥೆಯ ಹೆಸರಿಗೆ ಮಾಡುವುದಕ್ಕೂ ಭೂಸುಧಾರಣಾ ಕಾಯ್ದೆಯ ತೊಡಕುಗಳಿವೆ. ವಕೀಲರನ್ನು ಕೇಳದೆ ಕೃಷಿ ಭೂಮಿಯನ್ನು ಬರೆದುಕೊಡಬಾರದು.

ಕೇಳುವ ಸಂಕೋಚ

ಇಷ್ಟು ದಾರಿಗಳಿದ್ದರೂ ಸಂಸ್ಥೆಗಳವರು ಕೇಳುವುದಿಲ್ಲ. ಕೇಳಲಾರರು ಎನ್ನುವುದು ಹೆಚ್ಚು ಸರಿ. ಊರೆಂದರೆ ಎಲ್ಲರೂ ಒಂದಲ್ಲ ಒಂದು ವರಸೆಯಲ್ಲಿ ನೆಂಟರು. ಎಂಬತ್ತು ದಾಟಿದ ಹಿರಿಯರ ಜಗುಲಿಯಲ್ಲಿ ಕೂತು, ಕಾಫಿ ಕುಡಿದು, ನಿಮ್ಮ ನಂತರ ನಮ್ಮ ಸಂಸ್ಥೆಗೆ ಏನಾದರೂ ಎಂದು ಯಾವ ಬಾಯಲ್ಲಿ ಕೇಳುವುದು? ಒಳಗಿನಿಂದ ಕೇಳಿಸಿಕೊಂಡ ಸೊಸೆಯ ಮುಖ ನೋಡುವುದು ಹೇಗೆ? ಕೇಳಿದವನು ಸಾವಿಗೆ ಕಾಯುವವನಂತೆ ಕಾಣುತ್ತಾನೆ.

ಈ ಗಂಟನ್ನು ಬೇರೆ ದೇಶಗಳಲ್ಲಿ ಬಿಡಿಸಿದ ಬಗೆ ಕುತೂಹಲದ್ದು. ಬ್ರಿಟನ್ನಿನಲ್ಲಿ 2000ದಲ್ಲಿ ಧರ್ಮಾರ್ಥ ಸಂಸ್ಥೆಗಳು ಸೇರಿ ‘ರಿಮೆಂಬರ್ ಎ ಚಾರಿಟಿ’ ಎಂಬ ಒಕ್ಕೂಟ ಕಟ್ಟಿದವು. ಈಗ ಅದರಲ್ಲಿ ಸುಮಾರು ಇನ್ನೂರು ಸಂಸ್ಥೆಗಳಿವೆ. ಕ್ಯಾನ್ಸರ್‌ಗೆ, ಮಕ್ಕಳಿಗೆ, ನಾಯಿಗಳಿಗೆ ದುಡಿಯುವ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಮೊದಲು ಮನೆಯವರಿಗೆ ಬರೆಯಿರಿ, ಅದಾದ ಮೇಲೆ ಯಾವುದಾದರೂ ಒಂದು ಒಳ್ಳೆಯ ಕೆಲಸವನ್ನೂ ನೆನೆಯಿರಿ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ. 1988ರಿಂದ ಅಲ್ಲಿ ‘ವಿಲ್ ಏಡ್’ ಎಂಬ ಇನ್ನೊಂದು ಏರ್ಪಾಡು ಇದೆ. ನವೆಂಬರ್ ತಿಂಗಳಲ್ಲಿ ವಕೀಲರು ಸರಳ ಉಯಿಲುಗಳನ್ನು ಶುಲ್ಕವಿಲ್ಲದೆ ಬರೆದುಕೊಡುತ್ತಾರೆ. ಬರೆಸಿದವರು ಆ ಶುಲ್ಕದಷ್ಟನ್ನು ಧರ್ಮಕಾರ್ಯಕ್ಕೆ ಕೊಡುತ್ತಾರೆ.

ಅಲ್ಲಿ ತೆರಿಗೆಯ ಪ್ರಲೋಭನೆಯೂ ಇದೆ ಎಂಬುದನ್ನು ಮರೆಯಬಾರದು. ದೊಡ್ಡ ಆಸ್ತಿ ಬಿಟ್ಟುಹೋದರೆ ನೂರಕ್ಕೆ 40 ತೆರಿಗೆ. ಧರ್ಮಾರ್ಥಕ್ಕೆ ಬರೆದ ಭಾಗಕ್ಕೆ ಅದು ಇಲ್ಲ. ನಮ್ಮಲ್ಲಿ ಅಂಥ ಮರಣ ತೆರಿಗೆ 1985ರಲ್ಲೇ ರದ್ದಾಯಿತು. ಬದುಕಿದ್ದಾಗ ಕೊಟ್ಟ ದಾನಕ್ಕೆ ತೆರಿಗೆ ರಿಯಾಯಿತಿ ಎಂದು ಸಂಸ್ಥೆಗಳು ರಸೀದಿಯಲ್ಲಿ ಅಚ್ಚು ಹಾಕಿಸುತ್ತವೆ, ಆದರೆ ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದವನಿಗೆ ರಿಯಾಯಿತಿಯಿಂದ ಏನು ಬರಬೇಕು? ಹಾಗಾಗಿ ಮಲೆನಾಡಿನಲ್ಲಿ ಯಾರಾದರೂ ಕೊಟ್ಟರೆ ಅದು ನೆನಪಿಗಾಗಿ, ಊರಿನ ಋಣಕ್ಕಾಗಿ. ಅಂಥವರು ಪ್ರತಿಯಾಗಿ ಕೇಳುವುದು ನಂಬಿಕೆ ಒಂದನ್ನೇ.

ಹತ್ತು ಜನರ ಕಡ್ಡಿ

ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ನಮ್ಮ ಅಡಿಕೆ ಬೆಳೆಗಾರರು ಎಂದೋ ಕಾರ್ಯಕ್ಕೆ ತಂದಿದ್ದಾರೆ. ಒಬ್ಬೊಬ್ಬರೇ ಮೂಟೆ ಹೊತ್ತು ಮಂಡಿಗೆ ಹೋದಾಗ ಸಿಗದ ಬೆಲೆ, ಮ್ಯಾಮ್ಕೋಸ್‌ನಂಥ ಸಹಕಾರ ಸಂಘ ಕಟ್ಟಿಕೊಂಡಾಗ ಸಿಕ್ಕಿತು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದ ನಾಡು ಇದು. ದಾನ ಕೊಡುವುದಕ್ಕೂ ಕಾಯುವುದಕ್ಕೂ ಅದೇ ಬುದ್ಧಿ ಏಕೆ ಬರಬಾರದು?

ಒಂದು ಮಾದರಿ ಕಣ್ಣೆದುರೇ ಇದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಬೇರೆ ಬೇರೆಯವರು ಇಟ್ಟ ದತ್ತಿಗಳೆಲ್ಲ ಒಂದು ಸೂರಿನಡಿ ಇವೆ. ಉಪನ್ಯಾಸ ಮಾತ್ರ ತಾಲ್ಲೂಕು ತಾಲ್ಲೂಕಿನಲ್ಲಿ ನಡೆಯುತ್ತದೆ. ಬೆಂಗಳೂರಿನ ರೈಲು ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರವನ್ನೂ ನೆನೆಯಬೇಕು. ಮಕ್ಕಳಿಲ್ಲದ ಆ ವ್ಯಾಪಾರಿ 1903ರಲ್ಲಿ ಕಟ್ಟಿಸಿದ್ದು. ಅವರು 1910ರಲ್ಲಿ ತೀರಿಕೊಂಡರು. ಒಂದು ಶತಮಾನ ಕಳೆದರೂ ಆ ಧರ್ಮಸಂಸ್ಥೆ ನಡೆಯುತ್ತಿದೆ, ವಿದ್ಯಾರ್ಥಿನಿಲಯ ನಡೆಸುತ್ತಿದೆ. ಕಾರಣ ಸರಳ: ತೋಟದಪ್ಪನವರು ಆಸ್ತಿಯನ್ನಷ್ಟೇ ಬಿಟ್ಟುಹೋಗಲಿಲ್ಲ, ಅದನ್ನು ನೋಡಿಕೊಳ್ಳುವ ಮಂಡಳಿಯನ್ನೂ ಬಿಟ್ಟುಹೋದರು.

ಹೊಸನಗರ, ಸಾಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕುಪ್ಪಳಿಯ ಕವಿಮನೆಯನ್ನು ನೋಡಿಕೊಳ್ಳುವ ಕುವೆಂಪು ಪ್ರತಿಷ್ಠಾನ ನಾಡಿಗೇ ಗೊತ್ತು. ನನ್ನ ಚಿಂತೆ ಅವುಗಳದಲ್ಲ. ಹೆಸರಿಲ್ಲದ ಸಣ್ಣವುಗಳದು: ಎರಡು ಕಪಾಟಿನ ವಾಚನಾಲಯ, ವೃದ್ಧರಿಗೆ ಊಟ ಕಳಿಸುವ ಮಹಿಳಾ ಮಂಡಳಿ, ಯಕ್ಷಗಾನ ಕಲಿಸುವ ಕೇಂದ್ರ, ಹಳ್ಳಿಯ ಪ್ರೌಢಶಾಲೆ. ಇವುಗಳಲ್ಲಿ ಒಂದಕ್ಕೂ ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಕಾರ್ಯದರ್ಶಿ ಬದಲಾದರೆ ದತ್ತಿಯ ಕಾಗದ ಯಾರ ಮನೆಯ ಅಟ್ಟ ಸೇರಿತೋ ತಿಳಿಯುವುದಿಲ್ಲ. ಹತ್ತು ವರ್ಷ ಯಾರೂ ವಿಚಾರಿಸದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ವಾಪಸ್ ಕೇಳಬಹುದು ನಿಜ, ಆದರೆ ಕೇಳಲು ಅದು ಇತ್ತೆಂದು ಯಾರಿಗಾದರೂ ನೆನಪಿರಬೇಕಲ್ಲ.

ಇಂಥ ಹತ್ತಿಪ್ಪತ್ತು ಸಂಸ್ಥೆಗಳು ಕೂಡಿ ಕೂತರೆ ಏನಾಗುತ್ತದೆ? ಒಂದು ಮಾದರಿ ದತ್ತಿಪತ್ರ ಎಲ್ಲರಿಗೂ ಆಗುತ್ತದೆ. ಎಲ್ಲ ದತ್ತಿಗಳ ಒಂದು ದಾಖಲೆ ಪುಸ್ತಕ ಒಂದೇ ಕಡೆ ಇರುತ್ತದೆ. ಯುಗಾದಿಯ ಹೊತ್ತಿಗೆ ಯಾವ ದತ್ತಿಯಲ್ಲಿ ಎಷ್ಟು ಅಸಲು, ಎಷ್ಟು ಖರ್ಚು ಎಂಬುದನ್ನು ಅಚ್ಚು ಹಾಕಿಸಿ ದಾನಿಗಳ ಮನೆಗೆ ಕಳಿಸಬಹುದು. ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಯವರನ್ನು ಕರೆಸಿ ಉಯಿಲಿನ ಬಗ್ಗೆ ಒಂದು ಶಿಬಿರ ಮಾಡಬಹುದು. ಅಲ್ಲಿ ಯಾರೂ ತಮ್ಮ ಸಂಸ್ಥೆಯ ಹೆಸರು ಎತ್ತಬಾರದು. ಆಸ್ಪತ್ರೆಯ ಹಾಸಿಗೆಯ ಬಳಿ ಹೋಗಬಾರದು. ಹೆಂಡತಿ, ಮಕ್ಕಳು ಕಷ್ಟದಲ್ಲಿರುವ ಮನೆಯಿಂದ ತಂದುಕೊಟ್ಟರೂ ತೆಗೆದುಕೊಳ್ಳಬಾರದು. ಈ ಮೂರು ಕಟ್ಟುಪಾಡುಗಳನ್ನು ಎಲ್ಲರೂ ಕೂಡಿ ಒಪ್ಪಿದರೆ ಕೇಳುವ ಸಂಕೋಚ ಅರ್ಧ ಇಳಿಯುತ್ತದೆ.

ಶಾಲೆ ಮುಚ್ಚಿದ ಮೇಲೆ

ಮಲೆನಾಡಿನ ಹಳ್ಳಿಗಳಲ್ಲಿ ಮಕ್ಕಳಿಲ್ಲದೆ ಶಾಲೆಗಳು ಮುಚ್ಚುತ್ತಿವೆ. ಐದನೇ ತರಗತಿಯ ಹುಡುಗಿಗೆಂದು ಇಟ್ಟ ಬಹುಮಾನಕ್ಕೆ ಐದನೇ ತರಗತಿಯೇ ಇಲ್ಲ. ಆಗ ಆ ಹಣವನ್ನು ಬೇರೆಯದಕ್ಕೆ ಬಳಸಲು ಸಂಸ್ಥೆಗೆ ಅಧಿಕಾರ ಇರುವುದಿಲ್ಲ. ಸಾರ್ವಜನಿಕ ಟ್ರಸ್ಟ್ ಆದರೆ ಆಸಕ್ತಿಯುಳ್ಳ ಇಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಂತೆ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಿ ಹೊಸ ವ್ಯವಸ್ಥೆ ಮಾಡಿಸಬೇಕು. ಕೆಲವು ಸಾವಿರದ ದತ್ತಿಗಾಗಿ ಕೋರ್ಟು ಹತ್ತುವವರು ಯಾರು?

ಆದ್ದರಿಂದ ಪತ್ರ ಬರೆಯುವಾಗಲೇ ಒಂದು ಸಾಲು ಸೇರಿಸಬೇಕು: ಈ ಉದ್ದೇಶ ಮುಂದೆ ನಡೆಯದಾದರೆ ಇದಕ್ಕೆ ಹತ್ತಿರವಾದ ಕೆಲಸಕ್ಕೆ, ಇದೇ ಹೆಸರಿನಲ್ಲಿ, ಈ ತಾಲ್ಲೂಕಿನಲ್ಲೇ ಬಳಸಬಹುದು. ಮತ್ತು ಬರೆದದ್ದನ್ನು ಸಂಸ್ಥೆಗೆ ತಿಳಿಸಿರಬೇಕು. ನೊಬೆಲ್ 1895ರಲ್ಲಿ ಉಯಿಲಿಗೆ ಸಹಿ ಹಾಕಿದಾಗ ಬಹುಮಾನ ಕೊಡಬೇಕಾದ ಸಂಸ್ಥೆಗಳನ್ನೇ ಕೇಳಿರಲಿಲ್ಲ. ಮರುವರ್ಷ ಅವರು ತೀರಿಕೊಂಡ ಮೇಲೆ ನೆಂಟರು ತಕರಾರು ತೆಗೆದರು, ಸಂಸ್ಥೆಗಳು ಹಿಂಜರಿದವು. ಪ್ರತಿಷ್ಠಾನ ನಿಂತದ್ದು 1900ರಲ್ಲಿ. ಜಗತ್ತಿನ ಅತಿ ಹೆಸರಾದ ದತ್ತಿಗಳಲ್ಲಿ ಒಂದು ಹುಟ್ಟುವಾಗಲೇ ಸತ್ತುಹೋಗುವುದರಲ್ಲಿತ್ತು.

ಉಯಿಲು, ದತ್ತಿಪತ್ರ ಬರೆಯುವ ಕೂಟಕ್ಕೆ ಕಾಲವೂ ಹೊಂದಬೇಕು. ಆಗಸ್ಟಿನಲ್ಲಿ ಮಲೆನಾಡಿನವರ ಕೈಯಲ್ಲಿ ದುಡ್ಡಿರುವುದಿಲ್ಲ. ತೋಟದಲ್ಲಿ ಕೊಳೆ ರೋಗದ ಭಯ, ಈಚೆಗೆ ಎಲೆಚುಕ್ಕಿಯ ಭಯವೂ ಸೇರಿದೆ. ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿ, ಸಂಕ್ರಾಂತಿ ಕಳೆದು, ದೂರದ ಮಕ್ಕಳೂ ಜಾತ್ರೆಗೆಂದು ಊರಿಗೆ ಬಂದಿರುವ ಬೇಸಿಗೆಯ ಸಂಜೆ ಆಗಬೇಕು. ಮಕ್ಕಳೆದುರೇ ಮಾತಾಡಿ, ಮಕ್ಕಳಿಗೆ ಓದಿ ಹೇಳಿ, ಬಿಳಿ ಹಾಳೆಯ ಮೇಲೆ ಬರೆಯಬೇಕು. ಸಾಕ್ಷಿಗೆ ಇಬ್ಬರು ಬೇಕು. ಪಕ್ಕದ ಮನೆಯ ಜಗುಲಿಯಲ್ಲಿ ಕವಳ ಹಾಕಿಕೊಂಡು ಕೂತವರನ್ನು ಕೂಗಿ ಕರೆದರೆ ಬರುತ್ತಾರೆ.